ಶಾಯಿ ಕಾಣದ ಪೆನ್ನುಗಳು

"ಗುರುಗಳೇ, ಮನಸ್ಸಿನಲ್ಲಿ ಪ್ರೀತಿ ಇದ್ದರೆ ಸಾಲದೇ? ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?"

ಶಿಷ್ಯ ಹೀಗೆ ಕೇಳಿದ. ಆ ದಿನ ಅವನ ತಂಗಿ ಮಠಕ್ಕೆ ಬಂದಿದ್ದಳು. ದೂರದ ಊರಿನಿಂದ ಬುತ್ತಿ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದಳು. ಅವಳೆದುರು ಶಿಷ್ಯನೂ ಕೂತಿದ್ದ, ಆದರೆ ಮಾತಾಡಿರಲಿಲ್ಲ. ಹೊರಡುವಾಗ ಅವಳು, "ಅಣ್ಣಾ, ನಮ್ಮ ನೆನಪಾದರೂ ನಿನಗಿದೆಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋಗಿದ್ದಳು. ಆ ಮಾತು ಅವನನ್ನು ಚುಚ್ಚುತ್ತಿತ್ತು.

"ಅವಳ ಮೇಲೆ ನನಗೆಷ್ಟು ಅಕ್ಕರೆಯಿದೆ ಎಂಬುದು ನನಗೆ ಗೊತ್ತು," ಎಂದು ಶಿಷ್ಯ ಮುಂದುವರಿಸಿದ. "ಆಡಿದ ಮಾತು ಸವೆಯುತ್ತದೆ. ಒಳಗೇ ಇಟ್ಟುಕೊಂಡದ್ದು ಶುದ್ಧವಾಗಿ ಉಳಿಯುತ್ತದೆ. ಇದರಲ್ಲಿ ತಪ್ಪೇನು?"

ಗುರುಗಳು ತಪ್ಪು ಸರಿ ಎನ್ನಲಿಲ್ಲ. ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ವರ್ತಕನಿದ್ದ. ಹಡಗುಗಳಿಗೆ ಹಗ್ಗ, ಹಾಯಿಬಟ್ಟೆ, ಬಣ್ಣ ಒದಗಿಸುವುದು ಅವನ ವ್ಯಾಪಾರ. ಅಳತೆಯಲ್ಲಿ ಮೋಸವಿಲ್ಲ, ನಡವಳಿಕೆಯಲ್ಲಿ ಒರಟುತನವಿಲ್ಲ. ಊರವರು ಅವನನ್ನು ಒಳ್ಳೆಯವನೆಂದು ಹೇಳುತ್ತಿದ್ದರು. ಮಾತು ಕಡಿಮೆ ಎಂದೂ ಹೇಳುತ್ತಿದ್ದರು. ಅವನಿಗೆ ಇದ್ದದ್ದು ಒಂದೇ ಹುಚ್ಚು. ಚೀನಾ ದೇಶದ ಶಾಯಿ ಪೆನ್ನುಗಳೆಂದರೆ ಅವನಿಗೆ ಪ್ರಾಣ.

ಅದು ಶುರುವಾದದ್ದು ಹೀಗೆ. ಒಮ್ಮೆ ಉರಿಬಿಸಿಲಿನಲ್ಲಿ ಒಬ್ಬ ಚೀನೀ ನಾವಿಕ ಅಂಗಡಿಗೆ ಬಂದ. ಹಗ್ಗ ಕೊಂಡ. ಅವನ ಭಾಷೆ ಇವನಿಗೆ ಬಾರದು, ಇವನ ಭಾಷೆ ಅವನಿಗೆ ಬಾರದು. ವರ್ತಕ ಅವನನ್ನು ನೆರಳಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ. ಬಿಸಿಲು ಇಳಿಯುವವರೆಗೂ ಇಬ್ಬರೂ ಸುಮ್ಮನೆ ಕೂತಿದ್ದರು. ಎದ್ದು ಹೋಗುವಾಗ ನಾವಿಕ ಜೇಬಿನಿಂದ ಒಂದು ಪೆನ್ನು ತೆಗೆದು ವರ್ತಕನ ಅಂಗೈಯಲ್ಲಿಟ್ಟು ತಲೆಬಾಗಿ ಹೊರಟುಹೋದ.

ಆ ಊರಿನಲ್ಲಿ ಚೀನಾ ಪೆನ್ನು ಎಂದರೆ ಜನ ನಗುತ್ತಿದ್ದರು. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ ಪೆನ್ನುಗಳು ನಾಲ್ಕು ದಿನಕ್ಕೆ ಸೋರಿ ಅಂಗಿಯ ಜೇಬನ್ನು ನೀಲಿ ಮಾಡುತ್ತಿದ್ದವು. ಇದು ಅಂಥದ್ದಾಗಿರಲಿಲ್ಲ. ಮೈಯೆಲ್ಲ ಬಿದಿರು. ತಿರುಗಿಸಿದರೆ ಎಲ್ಲಿ ಮುಚ್ಚಳ ಮುಗಿಯಿತು, ಎಲ್ಲಿ ಪೆನ್ನು ಶುರುವಾಯಿತು ಎಂಬುದೇ ಬೆರಳಿಗೆ ತಿಳಿಯುತ್ತಿರಲಿಲ್ಲ. ನಿಬ್ಬಿನ ಸೀಳು ಕೂದಲೆಳೆಯಷ್ಟು ಸಣ್ಣ, ಕೂದಲೆಳೆಯಷ್ಟೇ ನೇರ. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ವರ್ತಕ ಅದನ್ನು ನೋಡುತ್ತ ಕೂತ.

ಅಂದಿನಿಂದ ಪೂರ್ವದ ಕಡೆಯಿಂದ ಹಡಗು ಬಂದಾಗಲೆಲ್ಲ ಅವನು ಕಟ್ಟೆಯ ಮೇಲೆ ಕಾಯುತ್ತಿದ್ದ. ನಾವಿಕರಿಗೆ ಅವನ ಗುರುತು ಹತ್ತಿತು. ಪೆನ್ನು ತಂದು ತೋರಿಸುತ್ತಿದ್ದರು. ಅವನು ಎಲ್ಲವನ್ನೂ ಕೊಳ್ಳುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನಿಬ್ಬಿನ ತುದಿ ನೋಡುತ್ತಿದ್ದ. ಮುಚ್ಚಳವನ್ನು ಕಿವಿಯ ಹತ್ತಿರ ಹಿಡಿದು ಮುಚ್ಚುತ್ತಿದ್ದ. ಟಕ್ಕೆಂದು ಸದ್ದು ಮಾಡಿದರೆ ಬೇಡ, ಉಸಿರು ಬಿಟ್ಟಂತೆ ಕೂತರೆ ಬೇಕು. ಹೀಗೆ ಆರಿಸಿ ಆರಿಸಿ ಕೊಂಡವು ಅವನ ತೇಗದ ಪೆಟ್ಟಿಗೆಯಲ್ಲಿ ಹತ್ತಿಯ ಹಾಸಿನ ಮೇಲೆ ಮಲಗಿದ್ದವು. ತಿಳಿಹಸಿರು ಪಿಂಗಾಣಿಯ ಮೈಯದೊಂದು. ಹಿತ್ತಾಳೆಯ ಮೇಲೆ ಕೊಕ್ಕರೆ ಕೆತ್ತಿದ್ದೊಂದು. ಎಲ್ಲಕ್ಕಿಂತ ಮಿಗಿಲಾದದ್ದು ಕೆಂಪು ಪೆನ್ನು. ಒಂದು ಮರದ ಹಾಲನ್ನು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಪದರದ ಮೇಲೆ ಪದರ ಕೂರಿಸಿ ಅದಕ್ಕೆ ಮೆರುಗು ತಂದಿದ್ದರು. ಮೇಲ್ನೋಟಕ್ಕೆ ಕಪ್ಪು. ಬೆಳಕಿಗೆ ಹಿಡಿದರೆ ಬೂದಿಯ ಒಳಗಿನ ಕೆಂಡದಂತೆ ಕೆಂಪು ಎದ್ದು ಬರುತ್ತಿತ್ತು. ಅದನ್ನು ಕೊಟ್ಟ ನಾವಿಕ ಜೊತೆಗೆ ಒಂದು ಶಾಯಿಯ ಬಾಟಲಿಯನ್ನೂ ಕೊಟ್ಟಿದ್ದ. ವರ್ತಕ ಅದರ ಮುಚ್ಚಳವನ್ನು ತೆರೆದಿರಲಿಲ್ಲ. ಅವನ ಒಂದು ಪೆನ್ನೂ ಶಾಯಿ ಕಂಡಿರಲಿಲ್ಲ. ಅಂಗಡಿಯ ಬರವಣಿಗೆಗೆ ಪೆನ್ಸಿಲ್ಲೇ ಸಾಕಾಗಿತ್ತು.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅವನು ಪೆಟ್ಟಿಗೆ ತೆರೆದು ಕಿಟಕಿಯ ಬಳಿ ಕೂರುತ್ತಿದ್ದ. ಒಂದೊಂದನ್ನೇ ಕೈಗೆ ತೆಗೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಕಿಟಕಿ ಮಾಯವಾಗುತ್ತಿತ್ತು. ಅವನು ಎಂದೂ ಕಾಣದ ಒಂದು ನದಿ ಎದುರಿಗೆ ಹರಿಯುತ್ತಿತ್ತು. ನದಿಯ ಮೇಲೆ ಮಂಜು. ಮಂಜಿನೊಳಗೆ ದೋಣಿಯೊಂದು ಬರುವುದೂ ಅಲ್ಲ, ಹೋಗುವುದೂ ಅಲ್ಲ ಎಂಬಂತೆ ನಿಂತಿರುತ್ತಿತ್ತು. ದಡದ ಮನೆಯಲ್ಲಿ ಒಬ್ಬ ಮುದುಕ, ಧೂಳು ಬಾರದಂತೆ ಬಾಗಿಲು ಮುಚ್ಚಿಕೊಂಡು, ಪೆನ್ನಿನ ಮೈಗೆ ಕೆಂಪು ಬಳಿಯುತ್ತಿದ್ದ. ವರ್ತಕ ಅವನ ಪಕ್ಕದಲ್ಲಿ ಕೂತಿರುತ್ತಿದ್ದ. ಎಲ್ಲದರ ಅಡಿಯಲ್ಲಿ ನೀರಿನ ಸದ್ದು ಸಣ್ಣಗೆ, ಬಿಡದೆ, ಕೇಳಿಸುತ್ತಲೇ ಇರುತ್ತಿತ್ತು. ಅಷ್ಟು ನೆಮ್ಮದಿ ಅವನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಅವನಿಗೆ ಹೆಂಡತಿಯಿದ್ದಳು. ಮಕ್ಕಳಿರಲಿಲ್ಲ. ಅವಳು ಮಾತಿನ ಮಲ್ಲಿ. ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಮಾತಾಡುತ್ತಿದ್ದಳು. ಪಕ್ಕದ ಮನೆಯ ಕರು ಹೇಗೆ ಹಗ್ಗ ಹರಿಯಿತು, ಮೀನಿನವಳು ಇವತ್ತು ಯಾಕೆ ಮುನಿಸಿಕೊಂಡಿದ್ದಳು, ಬೆಳಗಿನ ಜಾವ ತನಗೆಂಥ ಕನಸು ಬಿತ್ತು. ಕನಸುಗಳನ್ನು ಹೇಳುವುದೆಂದರೆ ಅವಳಿಗೆ ಬಹಳ ಇಷ್ಟ. ವರ್ತಕ ಪೆನ್ನಿನಿಂದ ಕಣ್ಣು ತೆಗೆಯದೆ "ಹ್ಞೂಂ" ಎನ್ನುತ್ತಿದ್ದ.

ಒಂದು ಸಂಜೆ ಅವಳು ಕೇಳಿದಳು: "ಅಷ್ಟು ಚಂದದ ಪೆನ್ನು. ಒಂದು ಸಲ ಬರೆದು ನೋಡಬಾರದೇ?"

"ಬರೆದರೆ ಹಳೆಯದಾಗುತ್ತದೆ."

"ನಾನೂ ಹಳೆಯವಳಾದೆ. ಏನು ಮಾಡುತ್ತೀರಿ?" ಎಂದು ಅವಳು ನಕ್ಕಳು.

ಆ ನಗು ಅವನಿಗೆ ಹಿಡಿಸಿತು. ಹಳೆಯವಳಾಗಿಲ್ಲ ನೀನು ಎಂದು ಹೇಳಬೇಕೆನ್ನಿಸಿತು. ಆದರೆ ಅಂಥ ಮಾತನ್ನು ಸೊಪ್ಪು ಬಿಡಿಸುವ ಹೊತ್ತಿನಲ್ಲಿ ಹೇಗೆ ಹೇಳುವುದು? ಒಳ್ಳೆಯ ಮಾತಿಗೆ ಒಳ್ಳೆಯ ಗಳಿಗೆ ಬರಬೇಕು. ಎಂದಾದರೂ ಒಂದು ದಿನ ಆ ಕೆಂಪು ಪೆನ್ನಿಗೆ ಶಾಯಿ ತುಂಬಿ ಅವಳಿಗೆ ಎಲ್ಲವನ್ನೂ ಬರೆದು ಕೊಡಬೇಕು ಎಂದು ಅವನು ಅಂದುಕೊಂಡ. ಹಾಗೆ ಅಂದುಕೊಂಡದ್ದರಿಂದಲೇ ಅವನ ಮನಸ್ಸು ತುಂಬಿತು. ಹೇಳಿಯೇ ಬಿಟ್ಟಷ್ಟು ತೃಪ್ತಿಯಾಯಿತು. ಅವನು ಮತ್ತೆ ನದಿಯ ದಡಕ್ಕೆ ಹೋದ.

ಹೀಗೆ ಬಹಳ ವರ್ಷ ಕಳೆದವು.

ಒಂದು ಬೇಸಿಗೆಯಲ್ಲಿ ಹೆಂಡತಿಗೆ ಜ್ವರ ಬಂತು. ಕೆಟ್ಟ ಜ್ವರ. ಅದು ಬಿಟ್ಟ ದಿನ ಬೆಳಿಗ್ಗೆ ಅವಳು ಹಾಸಿಗೆಯಲ್ಲಿ ಎದ್ದು ಕೂತು, ಕಿಟಕಿಯ ಕಡೆ ನೋಡಿ, "ಇವತ್ತು ಸಮುದ್ರ ಯಾಕೆ ಸುಮ್ಮನಿದೆ?" ಎಂದು ಕೇಳಿದಳು.

ಸಮುದ್ರ ಸುಮ್ಮನಿರಲಿಲ್ಲ. ಅಲೆಗಳು ಎಂದಿನಂತೆ ದಡಕ್ಕೆ ಅಪ್ಪಳಿಸುತ್ತಿದ್ದವು. ವರ್ತಕ ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ.

ವೈದ್ಯರು ಬಂದರು, ಹೋದರು. ದೂರದ ಊರಿಗೂ ಕರೆದುಕೊಂಡು ಹೋದ. ಹೋದ ಕಿವಿ ಬರುವುದಿಲ್ಲ ಎಂದರು. ಅವಳಿಗೆ ಓದಲು ಬರೆಯಲು ಬರುತ್ತಿತ್ತು. ಅದಕ್ಕೆ ವರ್ತಕ ಒಂದು ಸ್ಲೇಟು, ಒಂದಿಷ್ಟು ಬಳಪ ತಂದ. ಹೇಳಬೇಕಾದದ್ದನ್ನು ಅದರಲ್ಲಿ ಬರೆದು ತೋರಿಸುತ್ತಿದ್ದ. "ಊಟ ಹಾಕು." "ನಾಳೆ ಬೇಗ ಹೋಗಬೇಕು." "ನೆಂಟರು ಬರುತ್ತಾರೆ." ಅವಳು ಓದಿ ತಲೆಯಾಡಿಸಿ ಒದ್ದೆಬಟ್ಟೆಯಿಂದ ಒರೆಸಿ ಸ್ಲೇಟನ್ನು ಮತ್ತೆ ಅವನ ಮುಂದೆ ಇಡುತ್ತಿದ್ದಳು. ಸ್ವಲ್ಪ ಹೊತ್ತು ಕಾಯುತ್ತಿದ್ದಳು. ಅವನು ಬೇರೇನೂ ಬರೆಯುತ್ತಿರಲಿಲ್ಲ.

ಮೊದಮೊದಲು ಅವಳು ಮಾತಾಡುತ್ತಲೇ ಇದ್ದಳು. ಆಮೇಲೆ ಅದೂ ಕಡಿಮೆಯಾಯಿತು. "ಕೂಗುತ್ತೇನೋ ಪಿಸುಗುಡುತ್ತೇನೋ ನನಗೇ ತಿಳಿಯುವುದಿಲ್ಲ," ಎಂದಳು ಒಂದು ದಿನ. "ನಿಮಗೆ ಕಿರಿಕಿರಿ." ಅಲ್ಲಿಂದ ಮುಂದೆ ಕನಸು ಹೇಳುವುದನ್ನು ಬಿಟ್ಟಳು.

ವರ್ತಕ ಸಂಜೆಗಳಲ್ಲಿ ಎಂದಿನಂತೆ ಪೆಟ್ಟಿಗೆ ತೆರೆದು ಕೂರುತ್ತಿದ್ದ. ಆದರೆ ಏನೋ ಆಗಿಹೋಗಿತ್ತು. ನದಿ ಬರುತ್ತಿತ್ತು, ಚಿತ್ರದಲ್ಲಿ ಬರೆದ ಹಾಗೆ ನಿಂತಿರುತ್ತಿತ್ತು. ಮುದುಕ ಕುಂಚ ಹಿಡಿದು ಕೂತಿದ್ದ, ಕೈ ಆಡಿಸುತ್ತಿರಲಿಲ್ಲ. ನೀರಿನ ಸದ್ದು ಇರಲಿಲ್ಲ. ಪೆನ್ನು ಹಳೆಯದಾಯಿತೋ ಎಂದು ಅವನು ಬೇರೆಯದನ್ನು ತೆಗೆದ. ಅದರಲ್ಲೂ ಇಲ್ಲ. ಹೊಸ ಹಡಗಿನಿಂದ ಹೊಸದೊಂದನ್ನು ತಂದ. ಅದು ಬರಿಯ ಪೆನ್ನಾಗಿ ಅಂಗೈಯಲ್ಲಿ ಬಿದ್ದಿತ್ತು. ಒಂದು ಸಂಜೆ, ನಿಶ್ಶಬ್ದವಾದ ಮನೆಯಲ್ಲಿ ಹೀಗೆ ಕೂತಿದ್ದಾಗ, ಅವನಿಗೆ ಹೊಳೆಯಿತು. ಇಷ್ಟು ವರ್ಷ ಆ ನದಿಯಲ್ಲಿ ಹರಿಯುತ್ತಿದ್ದದ್ದು ನೀರಲ್ಲ. ಹೊಸ್ತಿಲ ಮೇಲೆ ಕೂತವಳ ಮಾತು.

ಹೊಳೆದರೂ ಅವನು ಏನೂ ಮಾಡಲಿಲ್ಲ. ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಪೆಟ್ಟಿಗೆ ಮುಚ್ಚಿ, ಸ್ಲೇಟಿನ ಮೇಲೆ "ಮಲಗೋಣ" ಎಂದು ಬರೆದ.

ಕೆಲವು ದಿನಗಳ ಮೇಲೆ, ಬರಬೇಕಾಗಿದ್ದ ಹಡಗು ಬಾರದೆ, ಅವನು ಮಧ್ಯಾಹ್ನಕ್ಕೇ ಮನೆಗೆ ಬಂದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಸ್ಲೇಟು ಒಡೆದು ಎರಡಾಗಿ ಮೂಲೆಯಲ್ಲಿ ಬಿದ್ದಿತ್ತು. ಕಿಟಕಿಯ ಕೆಳಗೆ ತೇಗದ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಹೆಂಡತಿ ನೆಲದ ಮೇಲೆ ಕೂತು, ಸಾಮಾನು ಕಟ್ಟುವ ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡು, ಬರೆಯುತ್ತಿದ್ದಳು. ಅವಳ ಬೆರಳುಗಳು ನೀಲಿಯಾಗಿದ್ದವು. ಅವಳ ಕೈಯಲ್ಲಿ ಕೆಂಪು ಪೆನ್ನು ಇತ್ತು.

ವರ್ತಕ ಕೂಗಿದ. ಮದುವೆಯಾದ ಮೇಲೆ ಅವನು ಅಷ್ಟು ದೊಡ್ಡ ದನಿಯಲ್ಲಿ ಅವಳೊಡನೆ ಮಾತಾಡಿರಲಿಲ್ಲ. ಯಾರು ಮುಟ್ಟು ಎಂದದ್ದು, ಗೊತ್ತಿದೆಯೇ ಅದೇನೆಂದು, ನನ್ನ ಜೀವವನ್ನೇ ಕೆಡಿಸಿದೆಯಲ್ಲ ಎಂದು ಕೂಗಿದ. ಅವಳು ತಲೆ ಬಗ್ಗಿಸಿಕೊಂಡು ಬರೆಯುತ್ತಲೇ ಇದ್ದಳು. ಅವನ ನೆರಳು ಕಾಗದದ ಮೇಲೆ ಬಿದ್ದಾಗ ತಲೆಯೆತ್ತಿದಳು. ಅವನ ತುಟಿ ಆಡುವುದನ್ನು ನೋಡಿದಳು. ಅವಳ ಮುಖ ಅರಳಿತು.

"ಇಷ್ಟೊಂದು ಮಾತಾಡುತ್ತಿದ್ದೀರಿ!" ಎಂದಳು. "ಏನದು? ಬರೆಯಿರಿ, ಬರೆಯಿರಿ. ಸ್ಲೇಟು ಒಡೆದುಹೋಯಿತು."

ಎದ್ದು ಅವನ ಕೈಗೆ ಪೆನ್ನು ಕೊಟ್ಟಳು. ಕಾಗದವನ್ನು ಮುಂದಿಟ್ಟಳು.

ವರ್ತಕ ಕೂತ. ಬೈಗುಳವನ್ನು ಬರೆದೇ ತೋರಿಸುತ್ತೇನೆ ಎಂದು ಕೂತ. ಅವಳು ಬರೆದದ್ದರ ಕೆಳಗೆ ಜಾಗವಿತ್ತು. ನಿಬ್ಬು ಊರುವ ಮುಂಚೆ ಅವನ ಕಣ್ಣು ಮೇಲಿನ ಸಾಲುಗಳ ಮೇಲೆ ಬಿತ್ತು. ಅವಳು ಹೀಗೆ ಬರೆದಿದ್ದಳು:

"ಬೆಳಗಿನ ಜಾವ ಕನಸು ಬಿತ್ತು. ಸಮುದ್ರ ಕೇಳಿಸುತ್ತಿತ್ತು. ನೀವು ಹೊಸ್ತಿಲ ಮೇಲೆ ಕೂತು ನನ್ನ ಹತ್ತಿರ ಮಾತಾಡುತ್ತಿದ್ದಿರಿ. ಎಷ್ಟು ಹೊತ್ತು ಮಾತಾಡಿದಿರಿ! ನಾನು ನಗುತ್ತಿದ್ದೆ. ಎದ್ದ ಮೇಲೆ ನೀವು ಹೇಳಿದ್ದು ಒಂದೂ ನೆನಪಿಲ್ಲ."

ವರ್ತಕ ಆ ಸಾಲುಗಳನ್ನು ಮತ್ತೆ ಓದಿದ. ಮನೆಯೊಳಗೆ ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಅವನು ಪೆನ್ನನ್ನು ಕಾಗದಕ್ಕೆ ತಾಗಿಸಿದ. ಒತ್ತಬೇಕಾಗಲಿಲ್ಲ. ನಿಬ್ಬು ಕಾಗದದ ಮೇಲೆ ತೇಲಿಕೊಂಡು ಹೋಯಿತು. ಅದರ ಹಿಂದೆ ನೀಲಿ ಒದ್ದೆಯಾಗಿ ಹೊಳೆಯುತ್ತ ಬಂತು. ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದರೂ ಆ ಪೆನ್ನು ಹೇಗಿದೆ ಎಂಬುದು ಅವನಿಗೆ ಆಗಲೇ ತಿಳಿದದ್ದು.

"ನಾನು ಹೇಳಿದ್ದು ನನಗೆ ನೆನಪಿದೆ," ಎಂದು ಅವನು ಬರೆದ.

ಅವಳು ಭುಜದ ಪಕ್ಕದಲ್ಲಿ ಬಗ್ಗಿ ಓದಿದಳು. "ಏನು ಹೇಳಿದಿರಿ?" ಎಂದಳು.

ಅವನು ಬರೆದ: "ನಿನ್ನನ್ನು ನೋಡಲು ಬಂದ ದಿನ, ನಿನ್ನ ಮುಖ ನೋಡುವ ಮುಂಚೆಯೇ ನಾನು ಒಪ್ಪಿಬಿಟ್ಟಿದ್ದೆ. ಬೇಲಿಯಾಚೆ ನಿಂತಿದ್ದೆ. ನೀನು ಅಂಗಳದಲ್ಲಿ ಹಪ್ಪಳ ಒಣಹಾಕುತ್ತ ಒಂದು ಕಾಗೆಗೆ ಬುದ್ಧಿ ಹೇಳುತ್ತಿದ್ದೆ. ಈ ದನಿ ನನ್ನ ಮನೆಯಲ್ಲಿರಬೇಕು ಎಂದು ಅಂದುಕೊಂಡೆ."

ಅವಳು ಓದಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಕಾಗೆ ದಿನವೂ ಕದಿಯುತ್ತಿತ್ತು," ಎಂದಳು. "ನೀವು ಮೊದಲೇ ಯಾಕೆ ಹೇಳಲಿಲ್ಲ?"

ಅವನು ಅದಕ್ಕೆ ಉತ್ತರ ಬರೆಯಲಿಲ್ಲ. ಬದಲಿಗೆ ಬೇರೆಯದನ್ನು ಬರೆದ. ಅವಳು ಜ್ವರದಲ್ಲಿ ಮಲಗಿದ್ದಾಗ ತಾನು ಅಂಗಡಿಗೆ ಹೋಗುತ್ತೇನೆಂದು ಹೇಳಿ, ಹೋಗದೆ, ಹಿತ್ತಿಲಿನಲ್ಲಿ ಕೂತಿದ್ದನ್ನು ಬರೆದ. ಅವಳು ಹೇಳಿದ ಕನಸುಗಳಲ್ಲಿ ತನಗೆ ನೆನಪಿದ್ದವನ್ನು ಬರೆದ. ಅವಳಿಗೇ ಮರೆತುಹೋಗಿದ್ದ ಕನಸುಗಳು ಅವು. ಹಾರುವ ಎಮ್ಮೆಯ ಕನಸು. ಬಾವಿಯೊಳಗೆ ಸಂತೆ ಸೇರಿದ ಕನಸು. "ಅಯ್ಯೋ, ಕೇಳಿಸಿಕೊಳ್ಳುತ್ತಿದ್ದಿರೇ!" ಎಂದು ಅವಳು ಬೆರಗಾದಳು. ಕಾಗದ ಮುಗಿಯಿತು. ಅವಳು ಒಳಗೆ ಹೋಗಿ ಸಕ್ಕರೆಯ ಪೊಟ್ಟಣ ಬಿಚ್ಚಿ ಸಕ್ಕರೆಯನ್ನು ಡಬ್ಬಿಗೆ ಸುರಿದು ಆ ಕಾಗದವನ್ನು ತಂದುಕೊಟ್ಟಳು. ಅದೂ ತುಂಬಿತು. ಅವಳ ಮಾತು ಮೆಲ್ಲಮೆಲ್ಲನೆ ಮರಳಿತು. ಒಮ್ಮೆ ಕೂಗಿದಂತೆ, ಒಮ್ಮೆ ಪಿಸುಗುಟ್ಟಿದಂತೆ, ಏರಿ ಇಳಿದು ಬರುತ್ತಿತ್ತು. ಆ ಏರಿಳಿತ ಅವನಿಗೆ ಸಮುದ್ರದಂತೆಯೇ ಕೇಳಿಸಿತು. ಅಕ್ಷರ ಕಾಣದಷ್ಟು ಮಬ್ಬಾದಾಗ ಅವಳು ದೀಪ ತಂದಿಟ್ಟಳು. ಆಗಲೇ ಇಬ್ಬರಿಗೂ ನೆನಪಾದದ್ದು, ಮಧ್ಯಾಹ್ನದ ಊಟವೇ ಆಗಿಲ್ಲವೆಂದು.

ಅಲ್ಲಿಂದ ಮುಂದೆ ವರ್ತಕ ಎಲ್ಲ ಪೆನ್ನುಗಳಿಗೂ ಶಾಯಿ ತುಂಬಿದ. ಬಿದಿರಿನದು ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ಪಿಂಗಾಣಿಯದು ಹಾಸಿಗೆಯ ಪಕ್ಕ. ಹಿತ್ತಾಳೆಯದು ಬಲು ಭಾರ, ಜಗಳಕ್ಕೆ ಅದೇ ಸರಿ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ಕಟ್ಟೆಗೆ ಹೋಗಿ ಹಡಗು ಕಾಯುವುದನ್ನು ಅವನು ಬಿಡಲಿಲ್ಲ. ಆದರೆ ಈಗ ಭೂತಗನ್ನಡಿ ಹಿಡಿಯುತ್ತಿರಲಿಲ್ಲ. ಶಾಯಿಯಲ್ಲಿ ಅದ್ದಿ ಹೆಂಡತಿಯ ಹೆಸರು ಬರೆದು ನೋಡುತ್ತಿದ್ದ.

ಪೆನ್ನು ಕೂಡಿಡುವ ಹುಚ್ಚಿದ್ದ ಇನ್ನೊಬ್ಬ ವರ್ತಕ ಅವನ ಹೆಸರು ಕೇಳಿ ಬೇರೆ ಊರಿನಿಂದ ನೋಡಲು ಬಂದ. ಕೆಂಪು ಪೆನ್ನನ್ನು ಕೈಗೆ ತೆಗೆದುಕೊಂಡು ನೋಡಿದ. ಮೆರುಗು ಬೆರಳು ಹಿಡಿಯುವ ಕಡೆ ಮಾಸಿತ್ತು. ನಿಬ್ಬಿನ ತುದಿ ಒಂದು ಪಕ್ಕಕ್ಕೆ ಸವೆದಿತ್ತು. ಅವನು ಸಾವಿನ ಮನೆಗೆ ಬಂದವನಂತೆ ಮುಖ ಮಾಡಿದ.

"ಇಂಥದ್ದು ಇನ್ನೊಂದು ಹುಟ್ಟುವುದಿಲ್ಲ, ಸ್ವಾಮಿ. ಕೈಯಾರೆ ಹಾಳು ಮಾಡಿಬಿಟ್ಟಿರಲ್ಲ!"

"ಏನಂತೆ?" ಎಂದು ಹೆಂಡತಿ ಕೇಳಿದಳು.

ವರ್ತಕ ಅದೇ ಪೆನ್ನಿನಲ್ಲಿ, ಅತಿಥಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದು ತೋರಿಸಿದ. ಅವಳು ಓದಿ ನಕ್ಕಳು. ತನ್ನ ನಗು ತನಗೆ ಕೇಳಿಸದವಳು. ಬೀದಿಯ ಕೊನೆಯವರೆಗೆ ಕೇಳಿಸುವಂತೆ ನಕ್ಕಳು. ಬಂದವನು ಬೆಚ್ಚಿಬಿದ್ದು ಚಹಾ ಚೆಲ್ಲಿಕೊಂಡ. ವರ್ತಕ ಕಣ್ಣು ಮುಚ್ಚಿ ಆ ನಗು ಮುಗಿಯುವವರೆಗೂ ಕೇಳಿಸಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಸಮಾಧಾನ ಕಾಣಿಸಿತು. ಕತೆಯ ಒಳ್ಳೆಯ ಕೊನೆ ಅವನ ಮನಸ್ಸನ್ನು ಹಗುರ ಮಾಡಿತ್ತು.

"ಹಾಗಾದರೆ ಎಲ್ಲವೂ ಸರಿಹೋಯಿತು, ಗುರುಗಳೇ," ಎಂದ. "ಅವನ ಮನಸ್ಸಿನಲ್ಲಿ ಇದ್ದದ್ದು ತಡವಾಗಿಯಾದರೂ ಅವಳಿಗೆ ತಲುಪಿತು. ಅವನು ಏನನ್ನೂ ಕಳೆದುಕೊಳ್ಳಲಿಲ್ಲ, ಅಲ್ಲವೇ?"

ಗುರುಗಳು ಹೇಳಿದರು: "ಅವಳಿಗೆ ಕಿವಿ ಕೇಳಿಸುತ್ತಿದ್ದ ವರ್ಷಗಳನ್ನು ಕಳೆದುಕೊಂಡ."